ಕಟ್ಟಿ ನಿಲ್ಲಿಸಿದ ಅರವತ್ತೊಂದು ಗಿಡ

ಬಾಪೂಸಾಹೇಬರು ಅರವತ್ತೊಂದು ಕಡೆ ನಿಂತು ನಗುತ್ತಿದ್ದರು. ಮಹಾರಾಷ್ಟ್ರದ ಗಡಿಯ ಯಡ್ರಾವದಲ್ಲಿ, ರಸ್ತೆ ಕವಲೊಡೆಯುವ ಫಾಟಾದಿಂದ ಅವರ ಮಗ್ಗದ ಶೆಡ್ಡಿನವರೆಗೆ ರಸ್ತೆಯ ಎರಡೂ ಬದಿಗೆ ಕಬ್ಬಿಣದ ಪಂಜರಗಳು, ಪ್ರತಿ ಪಂಜರಕ್ಕೆ ಒಂದು ತಗಡು, ಪ್ರತಿ ತಗಡಿನ ಮೇಲೂ ಕೈಮುಗಿದ ಬಾಪೂಸಾಹೇಬರು. ಒಳಗೆ ಗಿಡ ಇದೆಯೋ ಸತ್ತಿದೆಯೋ ನೋಡಬೇಕಾದರೆ ಆ ನಗುಮುಖವನ್ನು ದಾಟಿ ಇಣುಕಬೇಕು. ದಿನಾ ಬೆಳಿಗ್ಗೆ ಹಾಗೆ ಇಣುಕಿ ನೀರು ಹಾಕುವವಳು ಅವರ ಹೆಂಡತಿ ಮಂಗಲ. ಬಸ್ಸಿಗೆ ಕಾಯುವ ಜನ ಎಲೆ ಅಡಿಕೆ ಜಗಿದು ತಗಡಿನ ಮೇಲೆಯೇ ಉಗುಳುತ್ತಿದ್ದರು. ಒಂದು ತಿಂಗಳು ಅವಳು ಹಸಿ ಬಟ್ಟೆ ಹಿಡಿದು ಒರೆಸಿದಳು, ಆಮೇಲೆ ಬಿಟ್ಟಳು. ಮನೆಯಲ್ಲಿ ಆ ಮುಖವನ್ನು ಸಂಭಾಳಿಸುವುದೇ ಸಾಕಾಗಿತ್ತು, ಬೀದಿಯಲ್ಲಿ ಅರವತ್ತೊಂದು ಸಲ ಯಾರು ಒರೆಸುತ್ತಾರೆ?

ಇದೆಲ್ಲ ಶುರುವಾದದ್ದು ಹೋದ ವರ್ಷದ ಜೂನ್‌ನಲ್ಲಿ, ಬಾಪೂಸಾಹೇಬರಿಗೆ ಅರವತ್ತೊಂದು ಹಿಡಿದಾಗ. ಬಸದಿಯಲ್ಲಿ ಅಭಿಷೇಕ ಮಾಡಿಸಿ, ನಾಲ್ಕು ಮನೆಯವರನ್ನು ಕರೆದು ಹೋಳಿಗೆ ಊಟ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಮುಂದಿನ ವರ್ಷದ ಕೊನೆಗೆ ಗ್ರಾಮಪಂಚಾಯತಿ ಚುನಾವಣೆ ಇತ್ತು, ಬಾಪೂಸಾಹೇಬರಿಗೆ ನಿಲ್ಲುವ ಆಸೆ ಇತ್ತು. ಮಗ ಅತುಲನ ತಲೆ ಓಡಿತು.

"ಅಪ್ಪಾ, ಕೇಕ ಎಲ್ಲಾರೂ ಕತ್ತರಸ್ತಾರ. ನಾವು ಗಿಡಾ ಹಚ್ಚೂಣು, ಅರವತ್ತೊಂದು. ಕೊಲ್ಲಾಪುರದಾಗ ಒಂದ ಸಂಸ್ಥಾ ಐತಿ, ವರ್ಷಕ್ಕ ಮ್ಯಾಲೆ ಬದುಕಿಸಿ ತೋರಿಸಿದ್ರ 'ಹಿರವೀ ವಾಟ', ಹಸರ ಹಾದಿ ಅಂತ ಪುರಸ್ಕಾರ ಕೊಡ್ತಾರ. ಬರೇ ಮಹಿಳಾ ಮಂಡಳಕ್ಕ ಕೊಡ್ತಾರ, ಅದೊಂದ ಅಡಚಣಿ."

ಮಹಿಳಾ ಮಂಡಳ ಬೇಕಾಗಿತ್ತು, ಹಾಗಾಗಿ ಎರಡು ದಿನದಲ್ಲಿ ಹುಟ್ಟಿಬಿಟ್ಟಿತು. ಮಂಗಲ ಅದರ ಅಧ್ಯಕ್ಷೆ. ಈ ಸಂಗತಿ ಅವಳಿಗೆ ಗೊತ್ತಾದದ್ದು ಒಲೆಯ ಮುಂದೆ ಭಕ್ರಿ ತಟ್ಟುವಾಗ, ಸೊಸೆ ಸೋನಲಳ ಬಾಯಿಂದ.

"ಅತ್ತಿ, ನೀವು ಅಧ್ಯಕ್ಷ ಆಗೀರಂತ. ನಾ ಸೆಕ್ರೆಟರಿ ಅಂತ."

"ಯಾರ ಮಾಡಿದ್ರು?"

"ಇವರ ಮಾಡ್ಯಾರ."

"ಮತ್ತ ನನ್ನ ಸಹಿ?"

"ಅದನೂ ಇವರ ಮಾಡ್ಯಾರ."

ಮಂಗಲ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದಳು. ಅತುಲ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅವ್ವಾ, ನಿನ್ನ ಜಿಲೇಬಿ ಆಫೀಸಿನ್ಯಾಗ ಯಾರಿಗೆ ತಿಳೀತೈತಿ? ಅದಕ್ಕ ನಾನ ಮರಾಠಿದಾಗ ಹಾಕಿಬಿಟ್ಟೆ" ಎಂದ.

ಜಿಲೇಬಿ ಎಂದರೆ ಅವಳ ಕನ್ನಡ ಅಕ್ಷರ. ಈ ಮನೆಯಲ್ಲಿ ಎಲ್ಲರೂ ಕನ್ನಡದಲ್ಲೇ ಉಣ್ಣುತ್ತಿದ್ದರು, ಕನ್ನಡದಲ್ಲೇ ಜಗಳಾಡುತ್ತಿದ್ದರು, ಆದರೆ ಕಲಿತದ್ದು ಮಾತ್ರ ಮರಾಠಿ ಶಾಲೆಯಲ್ಲಿ. ಗಂಡನಿಗೆ, ಮಗನಿಗೆ, ಸೊಸೆಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಮಂಗಲ ಗಡಿಯಾಚೆ, ಕರ್ನಾಟಕದ ಕಾಗವಾಡದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಕಿರಾಣಿ ಚೀಟಿ ಬರೆದರೂ ದುಂಡಗೆ ಬರೆಯುವವಳು. ತನ್ನ ಹೆಸರಿನ ಮೂರಕ್ಷರವನ್ನು ಮಗ ಬೇರೆ ಲಿಪಿಯಲ್ಲಿ ಗೀಚಿ ಇದು ನಿನ್ನ ಸಹಿ ಎಂದದ್ದು ಕೇಳಿ, ತನ್ನ ತಟ್ಟೆಯಲ್ಲಿ ಯಾರೋ ಉಂಡು ಎದ್ದುಹೋದ ಹಾಗೆ ಅವಳಿಗೆ ಅಸಹ್ಯವಾಯಿತು.

ಸಸಿಗಳು ಬಂದದ್ದು ಗಡಹಿಂಗ್ಲಜದಿಂದ. ಮಂಗಲಳ ತಂಗಿ ಶಾಲನ ಅಲ್ಲಿ ಗಂಡನ ಜೊತೆ ನರ್ಸರಿ ನಡೆಸುತ್ತಿದ್ದಳು. ಹುಲಗಲದ, ಅಂದರೆ ಹೊಂಗೆಯ, ಅರವತ್ತೊಂದು ಸಸಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ಅವಳೇ ಬಂದಳು. ಮಗ್ಗದ ಕೆಲಸಗಾರ ಜ್ಞಾನು ಗುಂಡಿ ತೋಡಿದ. ಶಾಲನ ಒಂದು ಗಿಡ ನೆಟ್ಟು, ಗೇಣು ದೂರಕ್ಕೆ ಬಿದಿರ ಕೋಲು ಊರಿ, ಹಳೆಯ ಬಟ್ಟೆಯ ಪಟ್ಟಿಯನ್ನು ಗಿಡಕ್ಕೂ ಕೋಲಿಗೂ ನಡುವೆ ತಿರುವಿ ಸಡಿಲವಾಗಿ ಕಟ್ಟಿ ತೋರಿಸಿದಳು.

"ಎಂಟು ಬರದಂಗ ಆಗಬೇಕ ನೋಡ್ರಿ. ಕೋಲ ಗಿಡಕ್ಕ ತಿಕ್ಕಬಾರದು. ಗಾಳಿಗಿ ಗಿಡಾ ಅಳ್ಳಾಡಬೇಕು. ಅಳ್ಳಾಡಿದ್ರ ಬುಡಾ ಗಟ್ಟಿ ಆಗತೈತಿ. ಮುಂದಿನ ಮಳಿಗಾಲಕ್ಕ ಕಟ್ಟ ಬಿಚ್ಚಿಬಿಡ್ರಿ."

ಬಾಪೂಸಾಹೇಬರು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. ಅಳ್ಳಾಡುವ ಗಿಡ ಅವರಿಗೆ ಬೇಕಿರಲಿಲ್ಲ. ಫೋಟೋಗ್ರಾಫರ್ ಬಂದು ನಿಂತಿದ್ದ.

"ನಲವತ್ತ ವರ್ಷ ಮಗ್ಗ ನಡಿಸೇನಿ. ನನಗ ಗಂಟ ಹಾಕಾಕ ಕಲಿಸ್ತಿಯೇನ?" ಎಂದರು. ಶೆಡ್ಡಿನಿಂದ ಜ್ಞಾನುವಿನ ಕೈಯಲ್ಲಿ ಎರಡು ಚೀಲ ತರಿಸಿದರು. ಬಟ್ಟೆಯ ಅಂಚಿನಿಂದ ಕತ್ತರಿಸಿ ಬೀಳುವ ಪಾಲಿಸ್ಟರ್ ದಾರದ ಪಟ್ಟಿ ಅದರ ತುಂಬ. ಮಳೆಗೆ ಕೊಳೆಯುವುದಿಲ್ಲ, ಬಿಸಿಲಿಗೆ ಹರಿಯುವುದಿಲ್ಲ. ಮಗ್ಗದಲ್ಲಿ ಎಳೆ ಕಡಿದರೆ ನೇಕಾರ ಹಾಕುವ ಗಂಟೊಂದಿದೆ, ಸಣ್ಣದು, ಎಳೆದಷ್ಟೂ ಬಿಗಿಯುವಂಥದು. ಬಾಪೂಸಾಹೇಬರು ಹಾಕಿದ ಗಂಟು ಬಿಚ್ಚಿತೆಂದು ಇಚಲಕರಂಜಿಯ ಯಾವ ವ್ಯಾಪಾರಿಯೂ ಇದುವರೆಗೆ ಹೇಳಿರಲಿಲ್ಲ. ಅದೇ ಗಂಟನ್ನು ಗಿಡದ ಎಳೆ ಕಾಂಡಕ್ಕೆ ಮೂರು ಸುತ್ತು ಸುತ್ತಿ ಕೋಲಿಗೆ ಒತ್ತಿ ಹಾಕಿದರು. ಗಿಡ ಪೊಲೀಸನ ಹಾಗೆ ಸೆಟೆದು ನಿಂತಿತು.

"ಭಾವಾ, ಎಳಿ ದಪ್ಪ ಆಗೂದಿಲ್ರಿ" ಎಂದಳು ಶಾಲನ. "ಗಿಡಾ ಆಗತೈತಿ."

"ಆದಾಗ ನೋಡೂಣು. ಏ, ಫೋಟೋ ತಗಿ."

ಹದಿನಾಲ್ಕು ತಿಂಗಳು ಕಳೆದವು. ಮಂಡಳದ ಹನ್ನೆರಡು ಹೆಂಗಸರು ಕಾಗದದ ಮೇಲೆ ನೀರು ಹಾಕಿದರು, ರಸ್ತೆಯ ಮೇಲೆ ಮಂಗಲ ಮತ್ತು ಸೋನಲ ಹಾಕಿದರು. ಈ ವರ್ಷದ ಆಗಸ್ಟಿನಲ್ಲಿ ಒಂದು ದಿನ ಮಂಗಲ ತಗಡನ್ನು ಸರಿಸಿ ಒಳಗೆ ಕೈಹಾಕಿ ನೋಡಿದಳು. ಕಟ್ಟಿನ ಮೇಲೆ ಕಾಂಡ ಊದಿಕೊಂಡಿತ್ತು. ಕಟ್ಟಿದ ಜಾಗದಲ್ಲಿ ದಾರ ಕಾಣಲೇ ಇಲ್ಲ, ತೊಗಟೆಯೊಳಗೆ ಹೂತುಹೋಗಿತ್ತು. ಬೆರಳು ಇಟ್ಟರೆ ಲೋಳೆ ಲೋಳೆಯಾಗಿ ಕೊಳೆತ ವಾಸನೆ ಬಂತು. ಪಕ್ಕದ ಗಿಡ ನೋಡಿದಳು, ಅದರ ಪಕ್ಕದ್ದು ನೋಡಿದಳು. ಎಲ್ಲದರ ಕುತ್ತಿಗೆಯೂ ಒಂದೇ ಹಾಗಿತ್ತು. ನೀರು ಹಾಕಿ ಹಾಕಿ ತಾನೇ ಇವನ್ನು ದಪ್ಪ ಮಾಡಿ ಕೊಲ್ಲುತ್ತಿದ್ದೇನೆ ಎಂದುಕೊಂಡು ನೀರಿನ ಕ್ಯಾನನ್ನು ಕೆಳಗಿಟ್ಟಳು.

ಬಸದಿಯ ಹಿಂದೆ ರಸ್ತೆ ಹೊರಳುವಲ್ಲಿ ಒಂಬತ್ತು ಗಿಡ ಇದ್ದವು. ಅಲ್ಲಿ ಕಟ್ಟು ಇನ್ನೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಮಂಗಲ ಕತ್ತರಿ ತಂದು ದಾರ ಕತ್ತರಿಸಿ, ತೊಗಟೆಯಿಂದ ಎಳೆ ಎಳೆಯಾಗಿ ಬಿಡಿಸಿ, ಹಳೆಯ ನೂಲಿನ ಸೀರೆ ಹರಿದು ಶಾಲನ ತೋರಿಸಿದ ಹಾಗೆ ಸಡಿಲವಾಗಿ ಕಟ್ಟಿದಳು. ಹದಿನಾಲ್ಕು ತಿಂಗಳು ಕೋಲಿಗೆ ಅಂಟಿ ನಿಂತ ಗಿಡಗಳಿಗೆ ಸ್ವಂತ ಬಲವೇ ಇರಲಿಲ್ಲ, ಒಂಬತ್ತೂ ಪಕ್ಕಕ್ಕೆ ವಾಲಿದವು. ಹತ್ತನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಾಪೂಸಾಹೇಬರ ಸ್ಕೂಟರು ಬಂತು.

ಆ ಸಂಜೆ ಹೊತ್ತು ಮುಳುಗುವ ಮುಂಚಿನ ಊಟ ಊಟವಾಗಿರಲಿಲ್ಲ.

"ಯಾಕ ಬಿಚ್ಚಿದಿ?"

"ಕೊಳ್ಯಾಕತ್ತಿದ್ವು. ಎಲ್ಲಾ ಬಿಚ್ಚೂದೈತಿ."

"ಹತ್ತ ಮಗ್ಗದ ಮಾಲಕನ ಹೆಂಡತಿ ಹರಕ ಸೀರಿ ಬೀದಿ ತುಂಬಾ ಕಟ್ಯಾಳ. ಮಂದಿ ಏನ ಅಂದಾರು?"

"ಗಿಡಾ ಬದುಕಿದ್ವು ಅಂದಾರು."

"ಅವ್ವಾ, ಸೊಟ್ಟ ಗಿಡಾ ಕಂಡ್ರ ಸಮಿತಿಯವರು ಮಾರ್ಕ ಕಡಿತಾರ" ಎಂದ ಅತುಲ. "ತಪಾಸಣಿ ಆಗಲಿ, ಆಮ್ಯಾಲ ಏನರ ಮಾಡಕೊ."

"ಅಲ್ಲೀ ಮಟಾ ಉಳೀತಾವೇನೋ?"

ಬಾಪೂಸಾಹೇಬರು ತಟ್ಟೆ ಸರಿಸಿದರು. "ಇನ್ನೊಂದಕ್ಕ ಕೈ ಹಚ್ಚಿದೆಂದ್ರ ನನ್ನಂಥಾ ಕೆಟ್ಟಾಂವ ಇಲ್ಲ. ತಪಾಸಣಿ ಆಗೂ ಮಟಾ ಗಿಡಾ ಸೆಟದ ನಿಂದರಬೇಕು." ಬಸದಿಯ ಹಿಂದೆ ಮರೆಯಲ್ಲಿದ್ದ ಒಂಬತ್ತನ್ನು ಹಾಗೇ ಬಿಟ್ಟು, ಮರುದಿನದಿಂದ ಜ್ಞಾನುವನ್ನು ರಸ್ತೆಯ ಮೇಲೆ ಕಣ್ಣಿಡಲು ನಿಲ್ಲಿಸಿದರು. ಹೆಂಡತಿ ಗಿಡ ಉಳಿಸದ ಹಾಗೆ ನೋಡಿಕೊಳ್ಳಲು ಆಳು ಇಟ್ಟ ಮನುಷ್ಯ ಈ ಸುತ್ತಮುತ್ತ ಅವರೊಬ್ಬರೇ ಇರಬೇಕು.

ಸೆಪ್ಟೆಂಬರಿನ ಕೊನೆಗೆ ಎರಡು ದಿನ ಗಾಳಿಮಳೆ ಹೊಡೆಯಿತು. ಕಟ್ಟಿದ ಜಾಗದಲ್ಲೇ ಕಾಂಡಗಳು ಪಟಪಟ ಮುರಿದವು. ಮುರಿಯದೆ ಉಳಿದವು ಎಲೆ ಉದುರಿಸಿ ನಿಂತಲ್ಲೇ ಒಣಗಿದವು. ಬಸದಿಯ ಹಿಂದಿನ ಒಂಬತ್ತು ಗಿಡಗಳು ಮಾತ್ರ ಗಾಳಿಗೆ ಬಾಗಿ, ಮೆಲ್ಲಗೆ ಎದ್ದು, ತಮ್ಮ ಕಾಲ ಮೇಲೆ ತಾವು ನಿಂತವು. ಬಾಪೂಸಾಹೇಬರು ಸತ್ತ ಐವತ್ತೆರಡನ್ನು ನೋಡಿ ಬಂದು, "ಗಡಹಿಂಗ್ಲಜದ ಮಾಲ ಖೊಟ್ಟಿ" ಎಂದರು. ಸುದ್ದಿ ಕೇಳಿ ಬಂದ ಶಾಲನ ಮುರಿದ ಒಂದು ಕಾಂಡವನ್ನು ತಂದು ಅವರ ಮುಂದಿನ ಟೀಪಾಯಿಯ ಮೇಲಿಟ್ಟಳು. ದಾರ ಸುತ್ತಿದ ಗುರುತು ಕತ್ತು ಹಿಸುಕಿದ ಹಾಗೆ ಕಾಣುತ್ತಿತ್ತು.

"ಇದು ನನ್ನ ಮಾಲ ಭಾವಾ. ಇದು ನಿಮ್ಮ ಗಂಟ."

"ಚಹಾ ಕುಡದ ಹೋಗು" ಎಂದರು ಬಾಪೂಸಾಹೇಬರು. ಅವಳು ಕುಡಿಯದೆ ಹೋದಳು.

ಅಕ್ಟೋಬರಿನ ಎರಡನೆಯ ವಾರ ಸಂಸ್ಥೆಯ ಪತ್ರ ಬಂತು. ಹತ್ತು ದಿನದಲ್ಲಿ ತಪಾಸಣಿ ಸಾಹೇಬರು ಬರುತ್ತಾರೆ. ಅಧ್ಯಕ್ಷೆ ಖುದ್ದು ಹಾಜರಿದ್ದು, ಎಷ್ಟು ಗಿಡ ಬದುಕಿವೆ ಎಂದು ಅವರೆದುರೇ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಅತುಲ ಓದಿ ತಲೆ ಕೆರೆದುಕೊಂಡ. ಈ ಸಲ ಅವನ ಮರಾಠಿ ಸಹಿ ನಡೆಯುವಂತಿರಲಿಲ್ಲ.

"ಒಂಬತ್ತ ಅದಾವು ಅಂತ ಹೇಳ್ರಿ" ಎಂದಳು ಮಂಗಲ. "ತಪ್ಪಾತು, ಮತ್ತ ಹಚ್ಚತೇವಿ ಅನ್ರಿ. ಅದಕ್ಕ ಬರ್ತೇನಿ, ಬರದೂ ಕೊಡ್ತೇನಿ."

"ಒಂಬತ್ತಕ್ಕ ಪುರಸ್ಕಾರ ಕೊಡ್ತಾರ? ಹುಚ್ಚೀ!"

"ಕೊಡದಿದ್ರ ಬಿಡಲಿ. ನಾ ಸುಳ್ಳಿಗಿ ಸಹಿ ಹಾಕೂದಿಲ್ಲ."

ಅಲ್ಲಿಂದ ಮನೆ ಎರಡು ಹೋಳಾಯಿತು. ಬಾಪೂಸಾಹೇಬರು ಹೆಂಡತಿ ಬಡಿಸಿದರೆ ಉಣ್ಣುವುದಿಲ್ಲ ಎಂದು ಹಟ ಹಿಡಿದರು. ಡಬ್ಬಿ ಶೆಡ್ಡಿಗೆ ಹೋಗತೊಡಗಿತು. ಡಬ್ಬಿ ಕಟ್ಟುವವಳು ಮಾತ್ರ ಮಂಗಲಳೇ. ಯಾರ ಕೈಯಡುಗೆ ಎಂದು ಗೊತ್ತಿಲ್ಲದವರ ಹಾಗೆ ಅವರು ಅದನ್ನು ಖಾಲಿ ಮಾಡಿ ಕಳಿಸುತ್ತಿದ್ದರು. ಅತುಲ ದಿನಕ್ಕೆ ಎರಡು ಸಲ ಬಂದು ಪುಸಲಾಯಿಸಿದ, ಮೂರನೆಯ ಸಲ ಕೂಗಾಡಿದ. "ಅಪ್ಪಾ ಸೋತ್ರ ನಿನಗ ಚಲೋ ಅನಸ್ತೈತೇನ?" ಎಂದು ಕೇಳಿದ. ಕೊನೆಗೆ ಸೋನಲ ಪಾತ್ರೆ ತಿಕ್ಕುತ್ತಾ ಬಾಯಿ ಬಿಟ್ಟಳು.

"ಅತ್ತಿ, ಒಂದ ಸಹಿ. ಹಾಕಿಬಿಡ್ರಿ. ದಿನಾ ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡದೈತಿ."

"ನೀನೂ ನೀರ ಹಾಕೀಯಲ್ಲ ಅವಕ್ಕ?"

"ಹಾಕೇನ್ರಿ. ಏನ ಬಂತು?"

ಮಂಗಲಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಅಂದಿನಿಂದ ಈ ಮನೆಯಲ್ಲಿ ತನ್ನ ಪಾಲಿಗೆ ಯಾರೂ ಇಲ್ಲ ಎಂಬುದು ಗಟ್ಟಿಯಾಯಿತು.

ತಪಾಸಣಿಯ ದಿನ ಚತುರ್ದಶಿ ಬಿದ್ದಿತ್ತು. ಅಷ್ಟಮಿ ಚತುರ್ದಶಿಗಳಂದು ಆ ಜೈನ ಮನೆಯಲ್ಲಿ ಹಸಿರು ಕೊಯ್ಯುವುದಿಲ್ಲ, ಹಸಿರು ಬೇಯಿಸುವುದಿಲ್ಲ. ಹೆಸರುಬೇಳೆ, ಅನ್ನ, ಭಕ್ರಿ, ಅಷ್ಟೇ. ಬಾಪೂಸಾಹೇಬರು ಅಂದು ಬೆಳಿಗ್ಗೆಯೇ ಸೊಸೆಯ ಕೈಯಲ್ಲಿ ಬಡಿಸಿಕೊಂಡು ಸಮಾಧಾನವಾಗಿ ಮನೆಯಲ್ಲೇ ಊಟಕ್ಕೆ ಕೂತರು. ಮೊದಲ ತುತ್ತಿಗೇ ಮುಖ ಗಂಟಿಕ್ಕಿದರು. ಎರಡು ಬೆರಳಿನಿಂದ ಸಾರಿನೊಳಗಿನ ಕರಿಬೇವಿನ ಒಂದು ಎಸಳನ್ನು ಎತ್ತಿ ಹಿಡಿದರು.

"ಸೋನಲ! ಇವತ್ತ ಚತುರ್ದಶಿ ಅನ್ನೂದ ಗೊತ್ತೈತಿಲ್ಲ? ಹಸರ ಹಾಕೀಯಲ್ಲ ಒಗ್ಗರಣಿಗಿ?"

"ಮರತೆ ಮಾವಾರ. ಒಂದ ಎಸಳ…"

"ಒಂದ ಎಸಳಾದ್ರೂ ಅದು ಜೀವಾನ. ನಮ್ಮ ಮನಿತನದಾಗ ಇಂಥಾದ್ದ ನಡಿಯೂದಿಲ್ಲ." ತಟ್ಟೆ ವಾಪಸು ಹೋಯಿತು. ಸೋನಲ ಅಳುತ್ತಾ ಹೊಸದಾಗಿ ಸಾರು ಮಾಡಿದಳು. ಅವರು ಬಾಯಿ ತೊಳೆದು, ಬಿಳಿ ಅಂಗಿ ತೊಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಹೊರಬಿದ್ದರು.

ಅರ್ಧ ಗಂಟೆಯ ಮೇಲೆ ಶೆಡ್ಡಿನ ಕಡೆಯಿಂದ ಕೊಡಲಿಯ ಸದ್ದು ಕೇಳಿತು. ಮಂಗಲ ಹೋಗಿ ನೋಡಿದಳು. ಶೆಡ್ಡಿನ ಮುಂದಿನ ಹಳೆಯ ಹುಲಗಲ ಮರದ ಮೇಲೆ ಜ್ಞಾನು ಹತ್ತಿದ್ದ. ಆ ಮರದ ನೆರಳಿಗೇ ಮಗ್ಗದವರು ಇಪ್ಪತ್ತು ವರ್ಷ ಬುತ್ತಿ ಬಿಚ್ಚಿ ಉಂಡಿದ್ದರು. ಆಳೆತ್ತರದ ಟೊಂಗೆಗಳು ಎಲೆ ಸಮೇತ ಒಂದರ ಮೇಲೊಂದು ಬೀಳುತ್ತಿದ್ದವು. ಅತುಲ ಕೆಳಗೆ ನಿಂತು ಎಣಿಸುತ್ತಿದ್ದ. ಟ್ರ್ಯಾಲಿ ತುಂಬಿತು. ರಸ್ತೆಯಲ್ಲಿ ಸತ್ತ ಗಿಡಗಳನ್ನು ಕಿತ್ತು ಬಿಸಾಕಿ, ಅದೇ ಗುಂಡಿಗೆ ಟೊಂಗೆ ಊರಿ, ಅದೇ ಕೋಲಿಗೆ ಅದೇ ದಾರದಿಂದ ಬಿಗಿದರು. ಬಾಪೂಸಾಹೇಬರು ಮುಂದೆ ಮುಂದೆ ಹೋಗುತ್ತಾ ಪ್ರತಿ ಗಂಟನ್ನೂ ಎಳೆದು ನೋಡಿದರು.

"ಜ್ಞಾನು, ಬಿಡು ಸಾಕು" ಎಂದು ಮಂಗಲ ಕೂಗಿದಳು.

"ಮಾಲಕರ ಹೇಳ್ಯಾರ್ರಿ ಅಕ್ಕಾರ." ಅವನು ಅವಳ ಮುಖ ನೋಡಲಿಲ್ಲ.

ಅವಳು ಗಂಡನ ಬಳಿ ನಡೆದಳು. "ಏನ್ರಿ, ಈಗರ ಕರಿಬೇವ ನೋಡಿ ತಾಟ ಸರಿಸಿದ್ರಿ. ಇವೇನು? ಇವಕ್ಕ ಜೀವ ಇಲ್ಲೇನ?"

"ಅದು ಹೊಟ್ಟಿಗಿ ತಿನ್ನೂ ಮಾತು. ಇದು ಬ್ಯಾರೆ ಕೆಲಸ. ಎರಡೂ ಒಂದ ಮಾಡಬ್ಯಾಡ."

ಮಂಗಲ ಬಿಗಿದು ನಿಲ್ಲಿಸಿದ ಟೊಂಗೆಗಳ ಸಾಲನ್ನು ನೋಡಿದಳು. ಮೂವತ್ತೈದು ವರ್ಷ ಈ ಮನುಷ್ಯನ ಅಷ್ಟಮಿ ಚತುರ್ದಶಿಗಳನ್ನು ತಪ್ಪದೆ ನಡೆಸಿಕೊಟ್ಟವಳು ತಾನು. ಒಂದು ಕೊತ್ತಂಬರಿ ಕಡ್ಡಿ ಒಳಗೆ ಬರದ ಹಾಗೆ ಕಾದವಳು. ಹೊರಗೆ ಟ್ರ್ಯಾಲಿಗಟ್ಟಲೆ ಕಡಿಯಲು ಈತನಿಗೆ ಒಂದು ಮಾತಿನ ಅಡ್ಡಿಯೂ ಇಲ್ಲ.

ಹನ್ನೊಂದಕ್ಕೆ ತಪಾಸಣಿ ಸಾಹೇಬ ಬಂದ. ದಪ್ಪ ಮನುಷ್ಯ, ಕಂಕುಳಲ್ಲಿ ಫೈಲು, ಗಲ್ಲದ ತುಂಬ ಅಡಿಕೆ ತಂಬಾಕಿನ ಮಾವಾ. ಮೊದಲು ಚಹಾ ಆಯಿತು, ಆಮೇಲೆ ಬಾಸುಂದಿ. ಉಂಡ ಮೇಲೆ ಕಾರ್ ಹತ್ತಿ ರಸ್ತೆಯ ಉದ್ದಕ್ಕೂ ಒಂದು ಸುತ್ತು ಹೋಗಿ ಬಂದ. ಗಾಜು ಇಳಿಸಿದ್ದು ಉಗುಳುವುದಕ್ಕೆ ಮಾತ್ರ. ಫಾಟಾದ ಹತ್ತಿರ ಇಳಿದು ಫೈಲು ತೆರೆದ. ಬಿಸಿಲಿಗೆ ಅಷ್ಟರಲ್ಲೇ ಟೊಂಗೆಗಳ ಎಲೆ ಜೋತು ಬಿದ್ದಿದ್ದವು.

ಕಂಡದ್ದನ್ನು ತಾನೇ ಹೇಳಬೇಕೆಂದು ಬಂದು ನಿಂತಿದ್ದ ಮಂಗಲ ಹತ್ತಿರದ ಪಂಜರದೊಳಗೆ ಕೈಹಾಕಿ ಕೋಲು, ಟೊಂಗೆ ಎರಡನ್ನೂ ಸೇರಿಸಿ ಮೇಲಕ್ಕೆ ಎತ್ತಿದಳು. ಮಣ್ಣು ಸಡಿಲವೇ ಇತ್ತು, ಒಂದೇ ಎಳೆತಕ್ಕೆ ಬಂತು. ಕೊಡಲಿಯ ಓರೆ ಪೆಟ್ಟು ಹಸಿಯಾಗಿ ಕಾಣುವ ಬುಡವನ್ನು ಸಾಹೇಬನ ಮೂಗಿನ ಮುಂದೆ ಹಿಡಿದಳು. ಇದು ಗಿಡವಲ್ಲ, ಟೊಂಗೆ, ಬೇರಿಲ್ಲ ನೋಡಿ ಎಂದು ಸ್ವಚ್ಛ ಮರಾಠಿಯಲ್ಲೇ ಹೇಳಿದಳು.

ಬಾಪೂಸಾಹೇಬರ ಮುಖದ ಬಣ್ಣ ಹೋಯಿತು. ಸಾಹೇಬ ಮಾತ್ರ ಟೊಂಗೆಯನ್ನು ನೋಡಿದ, ಅವಳನ್ನು ನೋಡಿದ, ಮಾವಾವನ್ನು ಒಂದು ಗಲ್ಲದಿಂದ ಇನ್ನೊಂದು ಗಲ್ಲಕ್ಕೆ ಹೊರಳಿಸಿದ.

"ವಹಿನೀ, ತೇ ಪರತ ಲಾವಾ. ಫೋಟೋ ವ್ಹಾಯಚಾ ಆಹೇ ಅಜೂನ."

ವೈನಿ, ಅದನ್ನು ತಿರುಗಿ ಊರಿ, ಫೋಟೋ ಇನ್ನೂ ಆಗಬೇಕು. ಇಷ್ಟೇ ಅವನು ಅಂದದ್ದು. ಅತುಲ ಅವಳ ಕೈಯಿಂದ ಟೊಂಗೆ ಕಿತ್ತುಕೊಂಡು ತಿರುಗಿ ಊರಿದ. ಫೋಟೋ ಆಯಿತು. ಇವರಿಗೆಲ್ಲ ಗೊತ್ತಿದೆ, ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದು ತಿಳಿದಾಗ ಮಂಗಲ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಬಾಯಿಬಿಟ್ಟು ಹೇಳುವುದು ಹೇಳಿ ಆಗಿತ್ತು. ಇನ್ನು ಉಳಿದದ್ದು ಆ ಮೂರಕ್ಷರ.

ಸಾಹೇಬ ಕಾರಿನ ಬಾನೆಟ್ಟಿನ ಮೇಲೆ ಫೈಲು ಬಿಡಿಸಿ ಪೆನ್ನು ಕೊಟ್ಟ. ಬಾಪೂಸಾಹೇಬರು ಹೆಂಡತಿಯ ಕಿವಿಯ ಹತ್ತಿರ ಬಾಗಿದರು.

"ಅರವತ್ತೊಂದೂ ಬದಕ್ಯಾವ ಅಂತ ಬರದು ಸಹಿ ಹಾಕು. ಇಲ್ಲಂದ್ರ ಇವತ್ತಿನಿಂದ ನಿನಗ ಈ ಮನಿ ಬಾಗಲಾ ಇಲ್ಲ."

"ನನಗ ಮರಾಠಿ ಬರಿಯಾಕ ಬರೂದಿಲ್ಲ."

"ಕನ್ನಡದಾಗ ಬರಿ. ಬರಿಯೂದ ಮುಖ್ಯ."

ಕಾನಡಿಯಾದರೂ ನಡೆಯುತ್ತದೆ, ಬೇಗ ಆಗಲಿ ಎಂದ ಸಾಹೇಬ. ಮಂಗಲ ಪೆನ್ನು ತೆಗೆದುಕೊಂಡಳು. ಎಸೆದು ನಡೆದುಬಿಟ್ಟರೆ ನಾಳೆ ಮಗ ಯಾವ ಲಿಪಿಯಲ್ಲಾದರೂ ಅವಳ ಹೆಸರು ಗೀಚಿಯಾನು, ಇವರು ಹೂಂ ಅಂದಾರು. ಅವಳು ಬಾಗಿದಳು. ಕಂಡದ್ದನ್ನು ಕಂಡ ಹಾಗೆಯೇ, ಕಾಗವಾಡದ ಗುರುಗಳು ಕಲಿಸಿದ ದುಂಡು ಅಕ್ಷರದಲ್ಲಿ, ಮೂರು ಸಾಲು ಬರೆದಳು. ಕೆಳಗೆ ಮಂಗಲಾ ಎಂದು ಸಹಿ ಹಾಕಿದಳು.

ಸಾಹೇಬ ಕಾಗದ ತಿರುಗಿಸಿ ನೋಡಿ, ವೈನಿ ಇಷ್ಟುದ್ದ ಏನು ಬರೆದರು ಎಂದು ಕೇಳಿದ.

"ಸಗಳೀಚ್ಯಾ ಸಗಳೀ ಝಾಡಂ ಜಗಲೀ, ಅಸಂ ಲಿಹಿಲಂಯ" ಎಂದರು ಬಾಪೂಸಾಹೇಬರು. ಗಿಡಗಳೆಲ್ಲ ಬದುಕಿವೆ ಎಂದು ಬರೆದಿದ್ದಾಳೆ! ಕಾಗದದ ಕಡೆ ಅವರು ಕಣ್ಣೂ ಹಾಯಿಸಿರಲಿಲ್ಲ, ಹಾಯಿಸಿದ್ದರೂ ಜಿಲೇಬಿಯೇ ಕಾಣುತ್ತಿತ್ತು. ಸಾಹೇಬ ಶಿಕ್ಕಾ ಒತ್ತಿದ. ಅತುಲ ಆ ಪುಟದ ಫೋಟೋ ಹೊಡೆದುಕೊಂಡ. ಮನೆಗೆ ಹೋಗುವಾಗ ಬಾಪೂಸಾಹೇಬರು ಬಹಳ ದಿನದ ಮೇಲೆ ಹೆಂಡತಿಯ ಜೊತೆ ಮಾತಾಡಿದರು.

"ಕಡೀಗೂ ಬುದ್ಧಿ ಬಂತಲ್ಲ. ಭಾಳ ಚಲೋ ಆತು."

ಟೊಂಗೆಗಳು ಮೂರು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಹತ್ತು ದಿನದಲ್ಲಿ ಪುರಸ್ಕಾರ ಘೋಷಣೆಯಾಯಿತು. ಮನೆಯಲ್ಲಿ ಪೇಢೆ ಹಂಚಿದರು. ಮಂಗಲ ಪೇಢೆ ಮುಟ್ಟಲಿಲ್ಲ. ಅತುಲ ಫಾಟಾದಲ್ಲಿ ಹಾಕಲು ದೊಡ್ಡ ಫ್ಲೆಕ್ಸ್ ಮಾಡಿಸುತ್ತಿದ್ದ. ಅಪ್ಪನ ಫೋಟೋ ದೊಡ್ಡದು, ಅವ್ವನದು ಮೂಲೆಯಲ್ಲಿ ಸಣ್ಣದು. ಮೊಬೈಲಿನಲ್ಲಿ ತೋರಿಸಲು ಅಡುಗೆಮನೆಗೆ ಬಂದ.

"ಅವ್ವಾ, ನೀ ಬರದದ್ದು ಇಲ್ಲಿ ನಡಕ ಹಾಕೇನಿ ನೋಡು, ನಿನ್ನ ಅಕ್ಷರದಾಗ ಐತಿ ಹಂಗ, ಸಹಿ ಸಮೇತ. ನಮ್ಮ ವಾರ್ಡಿನ್ಯಾಗ ಅರ್ಧಾ ಮಗ್ಗದ ಮಂದಿ ಕರ್ನಾಟಕದವರು. ಕನ್ನಡ ಕಂಡ್ರ ಖುಷ ಆಗತಾರ. ತಪ್ಪ ಗಿಪ್ಪ ಇಲ್ಲಲ್ಲ?"

ಮಂಗಲ ಅಕ್ಕಿ ಆರಿಸುತ್ತಿದ್ದಳು. ಮೊಬೈಲನ್ನು ಕೈಯಲ್ಲಿ ತೆಗೆದುಕೊಂಡು ಮೂರೂ ಸಾಲನ್ನು ಸಾವಕಾಶವಾಗಿ ಓದಿದಳು. ಒಂದು ಮಾತು ಹೇಳಿದರೆ ಇದು ಇಲ್ಲಿಗೇ ನಿಲ್ಲುತ್ತದೆ, ಮನೆ ಉಳಿಯುತ್ತದೆ. ಮಗನ ಮುಖ ನೋಡಿದಳು. ಅವನ ಕಣ್ಣು ಆಗಲೇ ಮತ್ತೆಲ್ಲೋ ಇತ್ತು.

"ಒಂದಕ್ಷರನೂ ತಪ್ಪಿಲ್ಲ" ಎಂದಳು.

ಅವನು ಹೋದ ಮೇಲೆ ಸೋನಲ ಹಾಲಿನ ಪಾತ್ರೆ ಇಳಿಸಿ ಹತ್ತಿರ ಬಂದಳು. ಅವಳಿಗೆ ಓದಲು ಬಾರದಿದ್ದರೂ ಅತ್ತೆಯ ಮುಖ ಓದಲು ಬರುತ್ತಿತ್ತು.

"ಅತ್ತಿ, ಏನ ಬರದೀರಿ ಅದರಾಗ?"

"ಖರೇ ಬರದೇನಿ."

ಸೋನಲ ಬಾಗಿಲ ಕಡೆ ನೋಡಿದಳು. ಅತುಲನ ಗಾಡಿ ಇನ್ನೂ ಅಂಗಳ ದಾಟಿರಲಿಲ್ಲ, ಕೂಗಿದರೆ ಕೇಳುತ್ತಿತ್ತು. ಅವಳು ಅತ್ತೆಯ ಮುಂದೆ ಕೂತು, ಮೊರದ ಇನ್ನೊಂದು ಬದಿಯಿಂದ ಅಕ್ಕಿಯಲ್ಲಿನ ಹರಳು ಆರಿಸತೊಡಗಿದಳು.

ಫ್ಲೆಕ್ಸ್ ಏರಿದ್ದು ಸೋಮವಾರ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ. ಸೈಕಲ್ಲು ಬೈಕು ಹಿಡಿದು ಬರುವವರು ಹೋಗುವವರು ಚಹಾದ ಗಾಡಿಯ ಮುಂದೆ ಗುಂಪುಗೂಡಿದ್ದರು. ಬಾಪೂಸಾಹೇಬರು ಎಲ್ಲರಿಗೂ ತಮ್ಮ ಖರ್ಚಿನಲ್ಲಿ ಚಹಾ ಹೇಳಿದರು. ಮಂಗಲ ನೀರಿನ ಕ್ಯಾನು ಹಿಡಿದು ಬಸದಿಯ ಹಿಂದಿನ ಒಂಬತ್ತು ಗಿಡಗಳ ಕಡೆ ಹೊರಟಿದ್ದಳು. ಗಂಡ ಕೂಗಿ ನಿಲ್ಲಿಸಿದರು. ಜನರ ನಡುವೆ ಅವರ ದನಿಗೆ ಜೇನು ಸವರಿದಂತಿತ್ತು.

"ನಿಂದರ ನಿಂದರ, ನಿಂದೂ ಮಾನಾ ಐತಿ ಇದರಾಗ. ಏ ಜ್ಞಾನು, ನೀ ಜಮಖಂಡಿಯಾಂವ, ಕನ್ನಡ ಸಾಲಿ ಕಲತಾಂವ. ನಮ್ಮನ್ಯಾಕಿ ಏನ ಬರದಾಳ, ಎಲ್ಲಾರಿಗೂ ಕೇಳೂ ಹಂಗ ಜೋರಲೆ ಓದು."

ಜ್ಞಾನು ಚಹಾದ ಗ್ಲಾಸು ಹಿಡಿದು ತಲೆ ಎತ್ತಿದ. ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡ. ಮಂಗಲಳ ಕಡೆ ನೋಡಿದ. ಗುಂಪಿನ ಹಿಂದೆ ಕನ್ನಡ ಬಲ್ಲ ಇಬ್ಬರು ಆಗಲೇ ಬೆನ್ನು ತಿರುಗಿಸಿ ನಗು ತಡೆಯುತ್ತಿದ್ದರು.

"ಯಾಕೋ? ಓದಾಕ ಬರೂದಿಲ್ಲೇನ?"

"ಬರತೈತ್ರಿ ಮಾಲಕ. ಆದ್ರ…"

"ಆದ್ರ ಗೀದ್ರ ಏನೋ, ಓದಂದ್ರ ಓದು."

ಮಾಲಕರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕೇಳಿದರೆ ಒಂದು ಮಾತೂ ತಪ್ಪದೆ ತಿಳಿಯುತ್ತಿತ್ತು. ಜ್ಞಾನು ಗ್ಲಾಸು ಕೆಳಗಿಟ್ಟು, ಶಾಲೆಯ ಹುಡುಗನ ಹಾಗೆ ಕೈಕಟ್ಟಿ, ಬಿಡಿಸಿ ಬಿಡಿಸಿ ಓದಿದ.

"ಒಂಬತ್ತು ಗಿಡ ಬದುಕಿವೆ. ಉಳಿದ ಐವತ್ತೆರಡು ನಮ್ಮ ಹುಲಗಲ ಮರದ ಟೊಂಗೆ, ಈ ದಿನ ಚತುರ್ದಶಿ, ನನ್ನ ಗಂಡ ಕಡಿಸಿ ಊರಿಸಿದ್ದಾರೆ. ಸಾಹೇಬರಿಗೆ ಕಿತ್ತು ತೋರಿಸಿದೆ, ತಿರುಗಿ ಊರು ಎಂದರು."

ಯಾರೋ ಚಹಾ ಉಗುಳಿದರು. ಆಮೇಲೆ ಗುಂಪಿಗೆ ಗುಂಪೇ ನಕ್ಕಿತು. ತಿಳಿಯದವರಿಗೆ ತಿಳಿದವರು ಮರಾಠಿಯಲ್ಲಿ ಹೇಳಿದರು, ಅವರೂ ನಕ್ಕರು. ಅತುಲ ಫ್ಲೆಕ್ಸ್ ಹರಿಯಲು ಏಣಿಗಾಗಿ ಓಡಿದ. ಅಷ್ಟರಲ್ಲಿ ಹತ್ತು ಮೊಬೈಲುಗಳು ಮೇಲೆದ್ದಿದ್ದವು.

ಬಾಪೂಸಾಹೇಬರು ಹೆಂಡತಿಯ ಕಡೆ ತಿರುಗಿದರು.

"ಇದು… ಇದು ನೀ ಬರದದ್ದೇನ?"

"ಕೆಳಗ ಸಹಿ ಐತಿ ನೋಡ್ರಿ" ಎಂದಳು ಮಂಗಲ. "ಈ ಸಲ ನಾನ ಹಾಕೇನಿ."